ತೋಟದ ಮನೆಯ ಜಾಝ್‌ಗೆ ಯಾವ ಆಂಪ್?

ಪ್ರಶ್ನೆ: ಕೀಬೋರ್ಡ್ ಮತ್ತು ಡ್ರಮ್ಸ್ ನುಡಿಸುವ ಇಬ್ಬರು ಗೆಳೆಯರೊಂದಿಗೆ ಪ್ರತಿ ಶನಿವಾರ ಸಂಜೆ ಕೈಮರದ ಕಡೆಯ ಹೋಂಸ್ಟೇ ಒಂದರಲ್ಲಿ ಜಾಝ್ ನುಡಿಸುತ್ತೇನೆ. ನನ್ನದು ಎಫ್ ಆಕಾರದ ರಂಧ್ರಗಳಿರುವ ಟೊಳ್ಳು ಗಿಟಾರ್. ಈಗಿರುವ 15 ವ್ಯಾಟ್‌ನ ಪುಟ್ಟ ಆಂಪ್ (ಗಿಟಾರಿನ ದನಿ ಹಿಗ್ಗಿಸುವ ಸ್ಪೀಕರ್ ಪೆಟ್ಟಿಗೆ), ಡ್ರಮ್ಸ್ ಶುರುವಾದೊಡನೆ ಕೀರಲು ದನಿ ತೆಗೆಯುತ್ತದೆ. ಹಳೆಯ ಕಾಲದ ಗಾಜಿನ ಕೊಳವೆಗಳಿರುವ ವಾಲ್ವ್ ಆಂಪ್ ಇಲ್ಲದೆ ಜಾಝ್ ನಾದ ಬರುವುದಿಲ್ಲ ಎನ್ನುತ್ತಾರೆ ಒಬ್ಬರು. 30 ವ್ಯಾಟ್‌ನದು ಕೊಂಡರೆ ಸದ್ದು ಎರಡು ಪಟ್ಟಾಗುತ್ತದೆ ಎನ್ನುತ್ತಾರೆ ಇನ್ನೊಬ್ಬರು. ಕೈಯಲ್ಲಿ 40,000 ರೂಪಾಯಿ ಇದೆ. ಯಾವುದನ್ನು ಕೊಳ್ಳಲಿ?
– ಓದುಗರು, ಚಿಕ್ಕಮಗಳೂರು

ಉತ್ತರ: ವಾಲ್ವ್ ಇಲ್ಲದ ಟ್ರಾನ್ಸಿಸ್ಟರ್ ಆಂಪನ್ನೇ ಕೊಳ್ಳಿ. 12 ಇಂಚಿನ ಸ್ಪೀಕರ್, 50 ವ್ಯಾಟ್‌ನ ಆಸುಪಾಸು. ಇಬ್ಬರು ಸಲಹೆಗಾರರ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಡಿ.

ವ್ಯಾಟ್ ಎರಡು ಪಟ್ಟಾದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು ‘ತುಸು ಜೋರಾಯಿತು’ ಎಂಬಷ್ಟೇ. ಸದ್ದು ನಿಜಕ್ಕೂ ಇಮ್ಮಡಿ ಎನಿಸಬೇಕಾದರೆ ಹೆಚ್ಚುಕಡಿಮೆ ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾದರೆ 50 ವ್ಯಾಟ್ ಏಕೆ? ಜೋರಿಗಾಗಿ ಅಲ್ಲ, ಡ್ರಮ್ಸ್ ನಡುವೆಯೂ ನಾದ ಒಡೆಯದಿರಲಿ ಎಂದು. ರಾಕ್ ನುಡಿಸುವವರು ಬೇಕೆಂದೇ ಒಡೆಸುವ ನಾದವನ್ನು ನೀವು ಕಾಪಾಡಿಕೊಳ್ಳಬೇಕು. ನಾಲ್ಕು ಸ್ವರಗಳ ಕಾರ್ಡ್ ಹಿಡಿದಾಗ ನಾಲ್ಕೂ ಬಿಡಿಬಿಡಿಯಾಗಿ ಕೇಳಿಸದಿದ್ದರೆ ಅಷ್ಟು ಕಷ್ಟಪಟ್ಟು ಬೆರಳು ಚಾಚಿದ್ದು ವ್ಯರ್ಥ.

ವಾಲ್ವ್ ಆಂಪಿನ ನಾದ ಸೊಗಸೇ, ತಕರಾರಿಲ್ಲ. 1939ರಲ್ಲಿ ಬೆನ್ನಿ ಗುಡ್‌ಮನ್ ಜಾಝ್ ತಂಡ ಸೇರಿದ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ನುಡಿಸಿದ್ದು ಗಿಬ್ಸನ್ ಕಂಪನಿಯ ಪುಟ್ಟ ವಾಲ್ವ್ ಆಂಪಿನಲ್ಲಿ. ಆದರೆ ಜಾಝ್‌ಗೆ ವಾಲ್ವೇ ಬೇಕು ಎಂಬುದು ಬರೀ ಮಡಿವಂತಿಕೆ. ಜಾಝ್ ಗಿಟಾರ್ ವಾದಕ ಜೋ ಪಾಸ್ ಬಳಸುತ್ತಿದ್ದ ಪಾಲಿಟೋನ್ ಕಂಪನಿಯ ಆಂಪ್ ಟ್ರಾನ್ಸಿಸ್ಟರಿನದೇ. 1975ರಲ್ಲಿ ಬಂದ ರೋಲ್ಯಾಂಡ್ ಜೆಸಿ-120 ಕೂಡ ಅಷ್ಟೇ. ಜೆಸಿ ಎಂದರೆ ‘ಜಾಝ್ ಕೋರಸ್’; ಜಾಝ್ ಎಂಬುದು ಅದರ ಹೆಸರಿನಲ್ಲೇ ಇದೆ. ಅದರ ತೂಕ ಮಾತ್ರ ಸುಮಾರು 28 ಕಿಲೋ. ಅದನ್ನು ಹೊತ್ತು ಹೋಂಸ್ಟೇಯ ಮೆಟ್ಟಿಲು ಹತ್ತುವ ಉತ್ಸಾಹ ಎರಡನೇ ಶನಿವಾರಕ್ಕೇ ಇಳಿದೀತು.

ನಿಮ್ಮ ಊರಿನ ಮಟ್ಟಿಗೆ ವಾಲ್ವ್ ಬೇಡ ಎನ್ನಲು ದೊಡ್ಡ ಕಾರಣ ಕರೆಂಟು. ತೋಟದ ಲೈನುಗಳಲ್ಲಿ ಮಳೆಗಾಲದ ವೋಲ್ಟೇಜು ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ವೋಲ್ಟೇಜು ಇಳಿದರೆ ವಾಲ್ವ್‌ನ ದನಿ ಸೊರಗುತ್ತದೆ, ಏರಿದರೆ ಅದರ ಆಯಸ್ಸು ಕುಗ್ಗುತ್ತದೆ. ಟ್ರಾನ್ಸಿಸ್ಟರ್ ಆಂಪ್ ಈ ಏರುಪೇರನ್ನು ಹೆಚ್ಚು ಸಹಿಸುತ್ತದೆ. ಕರೆಂಟು ಹೋಗಿ ಇನ್ವರ್ಟರ್ ಶುರುವಾದಾಗ ‘ಜುಂಯ್’ ಎಂಬ ಸದ್ದು ಬಂದರೆ ಆಂಪನ್ನು ಬೈಯಬೇಡಿ. ಅದು ಬಹುಪಾಲು ಸ್ಕ್ವೇರ್ ವೇವ್ ಇನ್ವರ್ಟರಿನ ಕೊಡುಗೆ; ಸೈನ್ ವೇವ್ ಇನ್ವರ್ಟರಿನಲ್ಲಿ ಈ ಕಾಟ ಕಡಿಮೆ. ಕರೆಂಟು ಇರುವಾಗಲೂ ಗುಂಯ್‌ಗುಟ್ಟಿ, ತಂತಿ ಮುಟ್ಟಿದೊಡನೆ ಸದ್ದು ತಗ್ಗುತ್ತಿದ್ದರೆ ಪ್ಲಗ್ಗಿನ ಅರ್ಥಿಂಗನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಇನ್ನು ಮಾದರಿ. ಬಾಸ್ ಕಂಪನಿಯ ಕಟಾನಾ 50 ನಿಮ್ಮ ಹಣಕ್ಕೆ ನಿಲುಕಬೇಕು: 12 ಇಂಚಿನ ಸ್ಪೀಕರ್, ನಾದ ಒಡೆಯದ ಒಳ್ಳೆಯ ಕ್ಲೀನ್ ಚಾನೆಲ್, ಮನೆಯಲ್ಲಿ ರಾತ್ರಿ ಅಭ್ಯಾಸ ಮಾಡಲು ಶಕ್ತಿಯನ್ನು ಅರ್ಧ ವ್ಯಾಟ್‌ವರೆಗೆ ಇಳಿಸಬಹುದು. ಅದರೊಳಗಿನ ಎಫೆಕ್ಟುಗಳ ಸಂತೆಗೆ ಕಾಲಿಡಬೇಡಿ. ರೋಲ್ಯಾಂಡ್ ಜೆಸಿ-40 ಇನ್ನೂ ಚೆನ್ನ, ಹೊಸದಕ್ಕೆ ನಿಮ್ಮ ಹಣ ಸಾಲದು. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬಿಡಬೇಡಿ.

ಬೆಂಗಳೂರಿಗೆ ಹೋಗಿಯಾದರೂ ಕೇಳಿ ನೋಡಿಯೇ ಕೊಳ್ಳಿ, ನಿಮ್ಮದೇ ಗಿಟಾರ್ ಒಯ್ಯಿರಿ. ಅಂಗಡಿಯ ಹುಡುಗರು ಮೊದಲು ರಿವರ್ಬ್ (ದೊಡ್ಡ ಹಜಾರದ ಪ್ರತಿಧ್ವನಿಯಂಥ ಎಫೆಕ್ಟು) ಹಾಕಿ ಮರುಳು ಮಾಡುತ್ತಾರೆ. ಅದನ್ನು ಸೊನ್ನೆಗೆ ತನ್ನಿ. ಕುತ್ತಿಗೆ ಬದಿಯ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಆರಿಸಿ, ಗಿಟಾರಿನ ಟೋನ್ ನಾಬನ್ನು ಅರ್ಧಕ್ಕೆ ಇಳಿಸಿ. ಆಂಪಿನಲ್ಲಿ ಬೇಸ್ 4, ಮಿಡ್ 7, ಟ್ರೆಬಲ್ 3ರಿಂದ ಶುರು ಮಾಡಿ. ಮೊದಲು ಮಾತಿನ ದನಿಯಷ್ಟು ಮೆಲ್ಲಗೆ, ಆಮೇಲೆ ಡ್ರಮ್ಸ್ ಮೀರುವಷ್ಟು ಜೋರಾಗಿ, ಹೆಬ್ಬೆರಳಿನಲ್ಲಿ ಡಿ ಮೈನರ್ 7, ಜಿ 7, ಸಿ ಮೇಜರ್ 7 ನುಡಿಸಿ. ಜೋರಾದಾಗ ದಪ್ಪ ತಂತಿಯ ಸ್ವರ ಊದಿಕೊಂಡು ಉಳಿದವನ್ನು ನುಂಗುತ್ತಿದ್ದರೆ ಆ ಆಂಪ್ ಬೇಡ. 6 ಇಂಚಿನ ಸ್ಪೀಕರಿನ ಅಗ್ಗದ ಡಬ್ಬಗಳು ಸೋಲುವುದು ಇಲ್ಲೇ: ದಪ್ಪ ತಂತಿಯ ಇ ಸ್ವರ 82 ಹರ್ಟ್ಸ್‌ನದು, ಅಷ್ಟು ಗಾಳಿ ನೂಕುವ ಶಕ್ತಿ ಅವಕ್ಕಿಲ್ಲ.

ಟೊಳ್ಳು ಗಿಟಾರಿಗೆ ಫೀಡ್‌ಬ್ಯಾಕ್, ಅಂದರೆ ಸ್ಪೀಕರಿನ ಸದ್ದು ಮರಳಿ ಗಿಟಾರಿಗೆ ಸೇರಿ ಊಳಿಡುವ ಕಾಟ ತಪ್ಪಿದ್ದಲ್ಲ. ಆಂಪನ್ನು ನೆಲಕ್ಕಿಡದೆ ಕುರ್ಚಿಯ ಮೇಲಿಟ್ಟರೆ ಮಂದ್ರದ ಗದ್ದಲ ತಗ್ಗುತ್ತದೆ, ನಿಮಗೂ ನಿಮ್ಮ ನಾದ ಕೇಳಿಸುತ್ತದೆ. ಗಿಟಾರಿನ ರಂಧ್ರಗಳು ಸ್ಪೀಕರಿಗೆ ಮುಖ ಮಾಡದಂತೆ ಓರೆಯಾಗಿ ಕುಳಿತುಕೊಳ್ಳಿ.

ಹಣ ಬಿಚ್ಚುವ ಮೊದಲು ಫ್ಲಾಟ್‌ವೌಂಡ್ (ಚಪ್ಪಟೆ ಪಟ್ಟಿ ಸುತ್ತಿದ, ನುಣುಪಾದ) ತಂತಿಗಳ ಒಂದು ಸೆಟ್ ಹಾಕಿ ನೋಡಿ. ನೀವು ಅರಸುತ್ತಿರುವ ಮೆತ್ತನೆಯ ನಾದದ ಒಂದು ಪಾಲು ಅಲ್ಲೇ ಸಿಗುತ್ತದೆ. ಡ್ರಮ್ಸ್ ಜೊತೆಗಿನ ಕೀರಲು ಮಾತ್ರ ತಂತಿಯಿಂದ ಹೋಗದು, ಅದಕ್ಕೆ ಆಂಪ್ ಬೇಕೇ ಬೇಕು. ಕೊಂಡ ಮೇಲೆ ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸಿ ಮೂಲೆಗೆ ಸರಿಸಿಡಬೇಡಿ, ಒಳಗೇ ಬೂಷ್ಟು ಹಿಡಿಯುತ್ತದೆ. ಬಟ್ಟೆ ಹೊದಿಸಿ, ಗೋಡೆಯಿಂದ ದೂರವಿಟ್ಟು, ನುಡಿಸದ ವಾರದಲ್ಲೂ ಒಮ್ಮೆ ಸ್ವಿಚ್ ಹಾಕಿ ಬೆಚ್ಚಗಾಗಲು ಬಿಡಿ.