ಆನೆ ಎಂಬ ಮಾತೇ ಬರದ ಆನೆ ಕಥೆ

ಕಥೆ ಹೇಳುವುದನ್ನು ಕೋರ್ಸ್ ಸೇರದೆ, ದಿನದ ಬದುಕಿನಿಂದ ಮತ್ತು ಇಷ್ಟದ ಕಥೆಗಳಿಂದಲೇ ಕಲಿಯಬಹುದಾ ಅಂತ ಕೇಳಿದ್ದೀರಿ. ಜೊತೆಗೆ ಒಂದು ಬೇಜಾರನ್ನೂ ಹೇಳಿಕೊಂಡಿದ್ದೀರಿ. ನಿಮ್ಮ ಮನೆಯಲ್ಲಿ ಮಾರಿದ ಹಸು ಮೂರನೇ ದಿನ ತಾನಾಗಿಯೇ ವಾಪಸ್ ಬಂದ ಕಥೆ ಹೇಳಿದರೂ ಗೆಳೆಯರು ಮೊಬೈಲ್ ನೋಡುತ್ತಾ ಕೂರುತ್ತಾರೆ ಅಂತ.

ಕಲಿಯಬಹುದು. ನಾನು ಹಾಗೇ ಕಲಿತವನು, ಸ್ವಲ್ಪ ತಡವಾಗಿ. ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಗಾಬರಿಯಾಗಬೇಡಿ, ಕೊಡಗಿನ ತೋಟಗಳಲ್ಲಿ ರೈಟರ್ ಅಂದರೆ ಆಳುಗಳ ಹಾಜರಿ, ಚೆಕ್‌ರೋಲ್ ಅನ್ನುವ ಕೂಲಿ ಪಟ್ಟಿ, ಗೊಬ್ಬರದ ಲೆಕ್ಕ ಬರೆಯುವವನು. ಸಾಹಿತ್ಯಕ್ಕೂ ನನಗೂ ಇದ್ದ ನಂಟು ಅಷ್ಟೇ.

ಕೆಲವು ವರ್ಷಗಳ ಹಿಂದಿನ ಮಾತು. ಮೇ ತಿಂಗಳ ಕೊನೆ, ಮರ ಕಪಾತು, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ ನಡೆಯುತ್ತಿತ್ತು. ಹಿಂದಿನ ದಿನ ಸಾಯಂಕಾಲ ಬೈಕಿನಲ್ಲಿ ಬರುವಾಗ ತೋಟದ ತಿರುವಿನಲ್ಲಿ ಒಂಟಿ ಸಲಗ ನಿಂತಿತ್ತು. ನಡುವೆ ಹತ್ತು ಹೆಜ್ಜೆ ಇತ್ತೋ ಇಲ್ಲವೋ. ಬೈಕ್ ಅಲ್ಲೇ ಬಿಟ್ಟು ಓಡಿದ್ದೆ. ಬೆಳಿಗ್ಗೆ ಹತ್ತು ಗಂಟೆಯ ಕಾಫಿ ಹೊತ್ತಿಗೆ ಎಲ್ಲರ ಎದುರು ಹೇಳಿದೆ: "ನಿನ್ನೆ ಸಲಗದ ಎದುರು ಸಿಕ್ಕಿಬಿದ್ದಿದ್ದೆ, ಸ್ವಲ್ಪದರಲ್ಲಿ ಬಚಾವಾದೆ." ಮೇಸ್ತ್ರಿ ತಲೆ ಎತ್ತಿ, "ಓ ಹೌದಾ? ರೈಟರೇ, ಆ ಕತ್ತಿ ಮಸೆಯೋ ಕಲ್ಲು ಎಲ್ಲಿಟ್ರಿ?" ಅಂದ.

ಆಮೇಲೆ ಲೈನ್ ಮನೆಯ, ಅಂದರೆ ತೋಟದ ಆಳುಗಳ ಸಾಲು ಮನೆಯ, ಒಬ್ಬ ಅಕ್ಕ ಮಾತು ತೆಗೆದರು. "ರಾತ್ರಿ ಹಲಸಿನ ಹಣ್ಣಿನ ವಾಸನೆಗೆ ಎಚ್ಚರ ಆಯ್ತು. ಮರದಲ್ಲಿ ಇದ್ದದ್ದನ್ನೆಲ್ಲ ಮೊನ್ನೆಯೇ ಇಳಿಸಿ ಒಳಗೆ ಗೋಣಿ ಹೊದಿಸಿ ಇಟ್ಟಿದ್ದೆವು. ಇಷ್ಟು ಬೇಗ ಹಣ್ಣಾಗ್ತದೆ ಅಂತ ಯಾರಿಗೆ ಗೊತ್ತು? ಮನೆ ತುಂಬಾ ವಾಸನೆ." ಅಷ್ಟಕ್ಕೇ ಎಲ್ಲರೂ ಸುಮ್ಮನಾದರು. "ಆಮೇಲೆ ಹೆಂಚಿನ ಮೇಲೆ ಏನೋ ಮೆಲ್ಲಗೆ ಸರಿದ ಹಾಗಾಯ್ತು. ನಾನು ಮಗುವಿನ ಬಾಯಿಗೆ ಕೈ ಇಟ್ಟೆ." ಇಲ್ಲಿ ನಿಲ್ಲಿಸಿ ಅವರು ಒಂದು ಗುಟುಕು ಕಾಫಿ ಕುಡಿದರು. ಮೇಸ್ತ್ರಿಗೆ ಮಸೆಯುವ ಕಲ್ಲು ಮರೆತೇ ಹೋಗಿತ್ತು.

ಬೆಳಿಗ್ಗೆ ನೋಡಿದರೆ ಕಿಟಕಿಯ ಹಲಗೆ ಅಂಗಳದಲ್ಲಿ ಬಿದ್ದಿತ್ತಂತೆ, ಎರಡು ಹಣ್ಣು ಇರಲಿಲ್ಲವಂತೆ. ಮೊದಲಿನಿಂದ ಕೊನೆಯವರೆಗೆ ಅವರ ಬಾಯಲ್ಲಿ 'ಆನೆ' ಅನ್ನುವ ಮಾತು ಬರಲೇ ಇಲ್ಲ.

ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಪ್ರಾಣಿಯನ್ನು ಕಣ್ಣಾರೆ ಕಂಡವನು ನಾನು, ಅವರು ಬರೀ ಸದ್ದು ಕೇಳಿದವರು. ಆದರೆ ನಾನು ಮೊದಲ ಮಾತಿನಲ್ಲೇ ಆನೆಯನ್ನೂ ಕೊಟ್ಟೆ, ಬದುಕಿ ಬಂದದ್ದನ್ನೂ ಕೊಟ್ಟೆ. ಕೇಳುವವರಿಗೆ ಇನ್ನೇನು ಉಳಿಯಿತು? ಅಕ್ಕ ವಾಸನೆಯನ್ನು ಮಾತ್ರ ಕೊಟ್ಟರು. ಹಲಸು ಹಣ್ಣಾದರೆ ಯಾರು ಬರುತ್ತಾರೆ ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹಾಗಾಗಿ ಆನೆಯನ್ನು ಅಂಗಳಕ್ಕೆ ಕರೆದುಕೊಂಡು ಬಂದವರು ಕೇಳುತ್ತಾ ಕೂತ ನಾವೇ.

ಇದರಲ್ಲಿ ನನ್ನ ಕೆಲಸದ ತಪ್ಪೂ ಇದೆ. ಆನೆ ತೋಟಕ್ಕೆ ನುಗ್ಗಿದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಬರೆಯುವವನು ನಾನು. ತಾರೀಕು, ಸರ್ವೆ ನಂಬರ್, ಮುರಿದ ಗಿಡ ಎಷ್ಟು, ಎಲ್ಲ ಮೇಲೆಯೇ ಇರಬೇಕು. ಅರ್ಜಿಗೆ ಅದೇ ಸರಿ. ನಾನು ಕಥೆಯನ್ನೂ ಅರ್ಜಿಯ ಹಾಗೆ ಹೇಳುತ್ತಿದ್ದೆ. ನಿಮ್ಮ ಹಸುವಿನ ಕಥೆಗೂ ಇದೇ ಆಗಿದೆ ಅಂತ ನನ್ನ ಗುಮಾನಿ.

ಅವತ್ತಿನಿಂದ ಹಳೇ ಕಥೆಗಳನ್ನು ಬೇರೆ ರೀತಿ ನೋಡಲು ಶುರು ಮಾಡಿದೆ. ಯಾವುದನ್ನು ಯಾವಾಗ ಹೇಳಿದ್ದಾರೆ ಅಂತ ಮಾತ್ರ ನೋಡುವುದು. ಪುಣ್ಯಕೋಟಿಯನ್ನೇ ತೆಗೆದುಕೊಳ್ಳಿ. ಚಿಕ್ಕಂದಿನಲ್ಲಿ ಮಳೆಗಾಲದ ರಾತ್ರಿ ಒಲೆ ಮುಂದೆ ಕೂರಿಸಿಕೊಂಡು ಅಜ್ಜಿ ಅದನ್ನು ಹೇಳುತ್ತಿದ್ದರು. ಹಸು ಮಾತು ಉಳಿಸಿಕೊಳ್ಳುತ್ತದೆ ಅಂತ ನಮಗೆಲ್ಲ ಗೊತ್ತಿತ್ತು, ಹುಲಿಗೆ ಏನಾಗುತ್ತದೆ ಅಂತಲೂ ಗೊತ್ತಿತ್ತು. ಆದರೂ ಪ್ರತಿ ಸಲ ಅಳು ಬರುತ್ತಿತ್ತು, ಯಾಕೆ? ಅಜ್ಜಿ ಹುಲಿ ಸಿಕ್ಕಿದ್ದನ್ನು ಎರಡೇ ಮಾತಲ್ಲಿ ಮುಗಿಸುತ್ತಿದ್ದರು. ದೊಡ್ಡಿಗೆ ವಾಪಸ್ ಬಂದ ಮೇಲೆ ಮಾತ್ರ ಕಥೆ ನಡೆಯುವುದನ್ನೇ ಬಿಟ್ಟು ಕೂತುಬಿಡುತ್ತಿತ್ತು. ಕರುವಿಗೆ ಹಾಲು ಕೊಡುವುದು, ವಿಷಯ ಹೇಳುವುದು, ಈ ತಬ್ಬಲಿಯನ್ನು ನೋಡಿಕೊಳ್ಳಿ ಅಂತ ಉಳಿದ ಹಸುಗಳನ್ನು ಕೇಳಿಕೊಳ್ಳುವುದು. ಹಲ್ಲು, ಉಗುರು, ರಕ್ತ ಇರುವ ಜಾಗ ಬಿಟ್ಟು ಬೀಳ್ಕೊಡುವ ಜಾಗದಲ್ಲಿ ಹೊತ್ತು ಕಳೆಯುತ್ತದೆ ಆ ಕಥೆ. 'ಮುಂದೇನು' ಅನ್ನುವುದು ಗೊತ್ತಿದ್ದರೂ 'ಕರುವಿಗೆ ಹೇಗೆ ಹೇಳುತ್ತಾಳೆ' ಅನ್ನುವುದು ಪ್ರತಿ ಸಲ ಹೊಸದು. ಹಾಗಾಗಿ ಕೊನೆಯನ್ನು ಮುಚ್ಚಿಡುವುದೊಂದೇ ದಾರಿ ಅಂದುಕೊಳ್ಳಬೇಡಿ. ಕೊನೆ ಗೊತ್ತಿದ್ದರೂ ಕಾಯುವ ಹಾಗೆ ಮಾಡಬಹುದು, ಎಲ್ಲಿ ನಿಧಾನ ಮಾಡಬೇಕು ಅಂತ ತಿಳಿದಿದ್ದರೆ.

ನಮ್ಮ ಕಾವೇರಿಯ ಕಥೆಯಲ್ಲಿ ಇನ್ನೊಂದು ಕೈಚಳಕ ಇದೆ. ನನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದು ಅಂತ ಕಾವೇರಿ ಅಗಸ್ತ್ಯರಿಗೆ ಷರತ್ತು ಹಾಕುತ್ತಾಳೆ. ಷರತ್ತು ಅಂದಕೂಡಲೇ ಅದು ಮುರಿಯುತ್ತದೆ ಅಂತ ಕೇಳುವವನ ಕಿವಿ ನೆಟ್ಟಗಾಗುತ್ತದೆ. ಅವರು ಸ್ನಾನಕ್ಕೆ ಹೋಗುತ್ತಾರೆ, ಕಮಂಡಲದಿಂದ ಅವಳು ಹರಿದುಬಿಡುತ್ತಾಳೆ. ನನಗೆ ಇಷ್ಟವಾಗುವುದು ಅದರ ಮುಂದಿನ ತುಂಡು. ಮೂರ್ನಾಡಿನ ಹತ್ತಿರದ ಬಲಮುರಿಯಲ್ಲಿ ಅವಳನ್ನು ತಡೆಯಲು ಜನ ನಿಂತರಂತೆ, ನೀರಿನ ಸೆಳೆತಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಹೋಯಿತಂತೆ. ಕೊಡವ ಹೆಂಗಸರು ಇವತ್ತಿಗೂ ನೆರಿಗೆಯನ್ನು ಹಿಂದೆ ಇಟ್ಟೇ ಉಡುತ್ತಾರೆ, ಅಲ್ವಾ? ಪುರಾಣ ಹೇಳುವವನು ಯಾವುದಾದರೂ ಮದುವೆ ಮನೆಯ ಕಡೆ ಬೆರಳು ತೋರಿಸಿದರೆ ಸಾಕು, ಸಾಕ್ಷಿ ಅಲ್ಲೇ ಓಡಾಡುತ್ತಿರುತ್ತದೆ. ನಿಮ್ಮ ಮನೆಯ ಕಥೆಯಲ್ಲೂ ಇವತ್ತಿಗೂ ಉಳಿದಿರುವ ಒಂದು ವಸ್ತು ಇದ್ದರೆ ಅದನ್ನು ಬಿಡಬೇಡಿ.

ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಹಿಡಿದು ಹಾಡುವವರನ್ನೂ ಒಮ್ಮೆ ಕೇಳಿ. ನಾಲ್ಕು ಜನ ಇರುತ್ತಾರೆ, ಇಬ್ಬರು ಹೇಳಿದ್ದನ್ನು ಉಳಿದಿಬ್ಬರು ತಿರುಗಿ ಹೇಳುತ್ತಾರೆ. ಮೊದಲು ನನಗೆ ಇದು ಸುಮ್ನೆ ಎಳೆದಾಟ ಅನಿಸುತ್ತಿತ್ತು. ಈಗ ಅನಿಸುವುದು, ಆ ತಿರುಗಿ ಹೇಳುವ ಹೊತ್ತಿನಲ್ಲೇ ಕೇಳುವವನು ಚಿತ್ರ ಕಟ್ಟಿಕೊಳ್ಳುತ್ತಾನೆ ಅಂತ. ನಾವು ಗಡಿಬಿಡಿಯಲ್ಲಿ ಅಷ್ಟು ಸಮಯವನ್ನೂ ಕೊಡುವುದಿಲ್ಲ.

ಓದುವುದಾದರೆ ಕಥೆಗಾರ್ತಿ ಕೊಡಗಿನ ಗೌರಮ್ಮನವರಿಂದ ಶುರು ಮಾಡಿ. 1912ರಲ್ಲಿ ಹುಟ್ಟಿ 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು. ಬದುಕಿದ್ದು ಅಷ್ಟು ಕಡಿಮೆ ಕಾಲ. ಬರೆದದ್ದೆಲ್ಲ ಸುತ್ತಮುತ್ತಲ ಮನೆಗಳಲ್ಲಿ ಕಾಣುವ ಸಂಗತಿ: ವಿಧವೆಯರು, ವರದಕ್ಷಿಣೆ, ಬಾಯಿಬಿಟ್ಟು ಹೇಳಲಾಗದ ಹೆಣ್ಣುಮಕ್ಕಳು. ಅವರೂ ನಮ್ಮ ಸುಂಟಿಕೊಪ್ಪದ ಕಡೆಯೇ ಇದ್ದವರು ಅಂತ ನನಗೊಂದು ಸಣ್ಣ ಜಂಬ.

ದಿನದ ಬದುಕಿಗೆ ಬಂದರೆ, ಬಸ್ಸಿಗಿಂತ ಒಳ್ಳೆಯ ಪಾಠಶಾಲೆ ನಾನು ಕಂಡಿಲ್ಲ. ಒಮ್ಮೆ ಮಡಿಕೇರಿಯಿಂದ ಬರುವಾಗ ಮುಂದಿನ ಸೀಟಿನ ಹೆಂಗಸು ಫೋನಿನಲ್ಲಿ ಮದುವೆ ಮನೆಯಲ್ಲಿ ಕಳೆದುಹೋದ ಸರದ ಬಗ್ಗೆ ಹೇಳುತ್ತಿದ್ದರು. ಯಾರು ಮೊದಲು ನೋಡಿದ್ದು, ಯಾರ ಮುಖ ಸಣ್ಣಗಾಯಿತು, ಅತ್ತೆ ಯಾಕೆ ಮಾತೇ ಆಡಲಿಲ್ಲ. ಸುಂಟಿಕೊಪ್ಪ ಬಂತು, ನಾನು ಇಳಿಯಲಿಲ್ಲ. ಕಂಡಕ್ಟರಿಗೆ ಕುಶಾಲನಗರದವರೆಗೆ ದುಡ್ಡು ಕೊಟ್ಟೆ. ಆನೆಕಾಡು ಬರುತ್ತಿದ್ದ ಹಾಗೆ ಸಿಗ್ನಲ್ ಹೋಯಿತು! ತಡೆಯಲಾಗದೆ ಕೇಳಿಯೇಬಿಟ್ಟೆ: "ಅಕ್ಕ, ಸರ ಸಿಕ್ತಾ?" ಅವರು ಒಮ್ಮೆ ದುರುಗುಟ್ಟಿ ನೋಡಿ, ಆಮೇಲೆ ನಕ್ಕು ಹೇಳಿದರು. ಅತ್ತೆಯೇ ಜೋಪಾನವಾಗಿರಲಿ ಅಂತ ಅಕ್ಕಿ ಡಬ್ಬಿಯಲ್ಲಿ ಇಟ್ಟು ಮರೆತಿದ್ದರಂತೆ. ನೆನಪಾದ ಮೇಲೆ ಎಲ್ಲರೆದುರು ಹೇಗೆ ಹೇಳುವುದು ಅಂತ ಬಾಯಿ ಮುಚ್ಚಿಕೊಂಡಿದ್ದರು. ನೋಡಿ, ಅತ್ತೆಯ ಮೌನವನ್ನು ಅವರು ಶುರುವಿನಲ್ಲೇ ಇಟ್ಟಿದ್ದರು. ನಾನು ಅದನ್ನು ಸಿಟ್ಟು ಅಂದುಕೊಂಡಿದ್ದೆ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಅರಳುವ ಹಾಗೆ, ಆ ಮಾತು ಕೊನೆಗೆ ಅರಳಿತು.

ಮನೆಗೆ ಬಂದು ಹಳೇ ಚೆಕ್‌ರೋಲಿನ ಹಿಂದೆ ಅವರು ಹೇಳಿದ ಕ್ರಮದಲ್ಲೇ ಬರೆದಿಟ್ಟೆ. ಈಗಲೂ ವಾರಕ್ಕೊಂದಾದರೂ ಹೀಗೆ ಬರೆಯುತ್ತೇನೆ. ಯಾವ ಮಾತಿಗೆ ಜನ ಅಗಿಯುವುದನ್ನು ನಿಲ್ಲಿಸಿದರು, ಯಾವ ಮಾತಿಗೆ ಎದ್ದು ಹೋದರು ಅಂತ ಪಕ್ಕದಲ್ಲಿ ಗುರುತು ಹಾಕುತ್ತೇನೆ. ಎದ್ದು ಹೋದ ಗುರುತೇ ಜಾಸ್ತಿ ಉಪಯೋಗಕ್ಕೆ ಬರುವುದು.

ಈಗ ನಿಮ್ಮ ಹಸು. 'ಮಾರಿದ ಹಸು ವಾಪಸ್ ಬಂತು' ಅಂತ ಶುರು ಮಾಡಿದರೆ ಅದು ಅರ್ಜಿ. ಖಾಲಿ ಕೊಟ್ಟಿಗೆಯಿಂದ ಶುರು ಮಾಡಿ ನೋಡಿ. ಮಾರಿದ ಮರುದಿನ ಹಾಲು ಕರೆಯುವ ಹೊತ್ತಿಗೆ ನಿಮ್ಮಮ್ಮ ಅಭ್ಯಾಸಬಲದಿಂದ ಚೊಂಬು ಹಿಡಿದು ಎದ್ದರಾ? ಗೂಟದ ಹಗ್ಗ ಹಾಗೇ ಇತ್ತಾ? ಮೂರನೇ ದಿನ ಅದನ್ನು ಮೊದಲು ನೋಡಿದ್ದು ಯಾರು? ಇನ್ನೊಂದು ವಿಷಯವನ್ನಂತೂ ನೀವು ಬರೆದೇ ಇಲ್ಲ. ಹಸುವನ್ನು ಕೊಂಡವನು ಹುಡುಕಿಕೊಂಡು ಬಂದನಾ, ಬಂದಾಗ ಮನೆಯವರು ಏನು ಮಾಡಿದರು? ಅದನ್ನು ಕೆಳಗೆ ಬರೆಯಿರಿ ಮಾರಾಯ್ರೇ, ನಾನು ಕಾಯುತ್ತಿದ್ದೇನೆ.