ರಾಣೆಯವರ ಪ್ರತಿಮೆ ಎದುರು ಕೂರುತ್ತಿದ್ದ ಹುಡುಗ

ನಾನು ಆಪ್ತಸಮಾಲೋಚಕಿ. ನನ್ನ ಹತ್ತಿರ ಬಂದ ಒಬ್ಬ ಹುಡುಗ, ಅವನ ಅಪ್ಪ, ಆಯಿ (ಅಮ್ಮ) ಮೂವರ ಒಪ್ಪಿಗೆ ತಗೊಂಡೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಗುರುತು ಸಿಗುವಂಥ ವಿವರ ಎಲ್ಲ ಬದಲಾಯಿಸಿದ್ದೇನೆ. ಅವನನ್ನು ಪ್ರವೀಣ ಅಂತ ಕರೆಯೋಣ. ವಯಸ್ಸು 21. ಕಾರವಾರದ ಹತ್ತಿರದ ಒಂದು ಹಳ್ಳಿಯವನು. ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟು ಬೇರೆ ಕಡೆ ಮನೆ ಕಟ್ಟಿಕೊಂಡ ಕುಟುಂಬ. ಅಪ್ಪ ಮೀನು ಸಾಗಿಸುವ ಟೆಂಪೋ ಓಡಿಸುತ್ತಾರೆ.

ಮೊದಲು ನನ್ನ ಹತ್ತಿರ ಬಂದವರು ಆಯಿ. ಒಬ್ಬರೇ ಬಂದಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದರು: "ರಾತ್ರಿ ಊಟ ಆದ ಮೇಲೆ ಬೈಕ್ ತಗೊಂಡು ಹೋಗ್ತಾನೆ ಮೇಡಂ. ಬೀಚಿನಲ್ಲಿ ರಾಣೆಯವರ ಪ್ರತಿಮೆ ಹತ್ರ ಕೂತಿರ್ತಾನಂತೆ. ನೋಡಿದವರು ಹೇಳಿದ್ರು. ಬರೂದು ಹನ್ನೆರಡು ಗಂಟೆಗೆ. ಎದುರಿಗೇ ಸಮುದ್ರ ಅಲ್ವಾ, ನಂಗೆ ಹೆದ್ರಿಕೆ."

ಕಾರವಾರದವರಿಗೆ ಆ ಪ್ರತಿಮೆ ಗೊತ್ತು. ಟಾಗೋರ್ ಕಡಲತೀರದಲ್ಲಿ, ಚಪಲ್ ಯುದ್ಧನೌಕೆ ಸಂಗ್ರಹಾಲಯದ ಪಕ್ಕದಲ್ಲಿ ಇದೆ. ರಾಮ ರಾಘೋಬಾ ರಾಣೆ, ಪರಮವೀರ ಚಕ್ರ. ಇಲ್ಲೇ ಚೆಂಡಿಯಾದ ಮನುಷ್ಯ, ಪೊಲೀಸ್ ಕಾನ್‌ಸ್ಟೇಬಲ್ ಒಬ್ಬರ ಮಗ. ಪ್ರವಾಸಿಗರು ಅಲ್ಲಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಪ್ರವೀಣನ ಮನೆಯಲ್ಲಿ ಮಾತ್ರ ರಾಣೆಯವರ ಫೋಟೊ ಟಿವಿ ಪಕ್ಕದಲ್ಲೇ ಇತ್ತು.

ಮುಂದಿನ ವಾರ ಪ್ರವೀಣ ಬಂದ. ನಿನ್ನ ಆಯಿ ಬಂದು ಹೋಗಿದ್ದಾರೆ ಅಂತ ಮೊದಲೇ ಹೇಳಿಬಿಟ್ಟೆ. ಮುಚ್ಚಿಟ್ಟರೆ ಆಮೇಲೆ ನಂಬಿಕೆ ಹೋಗುತ್ತದೆ. ಅವನ ಕಾಲಲ್ಲಿ ಓಟದ ಬೂಟು, ಹಿಮ್ಮಡಿ ಒಂದು ಕಡೆ ಸವೆದು ಹೋಗಿತ್ತು. ಪಿಯುಸಿಯಿಂದಲೂ ಬೆಳಿಗ್ಗೆ ಐದಕ್ಕೆ ಎದ್ದು ಮರಳಲ್ಲಿ ಓಡಿದವನು. ಸೇನೆಯ ಅಗ್ನಿವೀರ್ ಭರ್ತಿಗೆ (ನೇಮಕಾತಿಗೆ) ಅರ್ಜಿ ಹಾಕಿದ್ದ. ಬರಹದ ಪರೀಕ್ಷೆ ಪಾಸಾಯ್ತು. 1,600 ಮೀಟರ್ ಓಟವೂ ಆಯ್ತು. ವೈದ್ಯಕೀಯ ಪರೀಕ್ಷೆಯಲ್ಲಿ ಬಣ್ಣದ ಚುಕ್ಕಿಗಳಿರುವ ಪುಸ್ತಕ ತೆರೆದು, ಇದರಲ್ಲಿ ಯಾವ ಅಂಕಿ ಕಾಣುತ್ತೆ ಅಂತ ಕೇಳಿದರು.

"ನಂಗೆ ಬರೀ ಚುಕ್ಕಿ ಕಂಡ್ತು ಮೇಡಂ. ನನ್ನ ಹಿಂದೆ ನಿಂತಿದ್ದವ ದೂರದಿಂದಲೇ ಓದ್ತಿದ್ದ."

ಮರುಪರಿಶೀಲನೆಯಲ್ಲೂ ಅದೇ ಆಯ್ತು. ಕೆಂಪು-ಹಸಿರು ಗುರುತಿಸುವ ತೊಂದರೆ. ಆಮೇಲೆ ಯಾರೋ ಒಬ್ಬರು ಕಣ್ಣಿಗೆ ಹನಿ ಹಾಕಿ ಸರಿ ಮಾಡಿಕೊಡ್ತೀನಿ ಅಂತ 12,000 ರೂಪಾಯಿ ತಗೊಂಡರು. ಅದೂ ಆಗಲಿಲ್ಲ. ಕೊನೆಗೆ ಮೊಬೈಲಿನಲ್ಲಿ ಆ ಚುಕ್ಕಿ ಚಿತ್ರಗಳನ್ನು ಹುಡುಕಿ, ಯಾವ ಚಿತ್ರಕ್ಕೆ ಯಾವ ಅಂಕಿ ಅಂತ ಬಾಯಿಪಾಠ ಮಾಡಲು ಕೂತಿದ್ದ. ಅಷ್ಟರಲ್ಲಿ ಬಿ.ಕಾಂ. ಕೊನೆಯ ವರ್ಷದ ಎರಡು ವಿಷಯ ಉಳಿದು ಹೋಗಿದ್ದವು.

ನಾನು ನೇರವಾಗಿ ಕೇಳಿದೆ: "ಸಾಯಬೇಕು ಅಂತ ಅನ್ನಿಸುತ್ತಾ?"

ಇದನ್ನು ಕೇಳೋಕೆ ತುಂಬ ಜನ ಹಿಂಜರಿಯುತ್ತಾರೆ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಕೇಳಿದಾಗ ಮಕ್ಕಳಿಗೆ ಎದೆ ಹಗುರಾಗುತ್ತದೆ. ಪ್ರವೀಣ ಸ್ವಲ್ಪ ಹೊತ್ತು ನೆಲ ನೋಡಿ, "ಸಾಯೂದು ಅಂತಲ್ಲ. ಯಾರಿಗೂ ಕಾಣಿಸ್ಬಾರ್ದು ಅಂತ ಅನ್ನಿಸ್ತದೆ" ಅಂದ. ಅದನ್ನು ನಾನು ಹಗುರವಾಗಿ ತಗೊಳ್ಳಲಿಲ್ಲ. ಆವತ್ತೇ ಇಬ್ಬರೂ ಕೂತು ಒಂದು ಚೀಟಿ ಬರೆದೆವು. ಆ ಥರ ಅನ್ನಿಸಿದಾಗ ಯಾವ ಗೆಳೆಯನಿಗೆ ಫೋನ್ ಮಾಡೋದು, ನನಗೆ ಯಾವಾಗ ಮಾಡೋದು, ಯಾರೂ ಸಿಗದಿದ್ದರೆ ಟೆಲಿಮಾನಸ್ 14416. ಅದು ಸರ್ಕಾರದ ಉಚಿತ ಸಹಾಯವಾಣಿ, ಹಗಲೂ ರಾತ್ರಿಯೂ ಸಿಗುತ್ತದೆ. ಚೀಟಿಯನ್ನು ಅವನು ಮೊಬೈಲ್ ಕವರಿನ ಹಿಂದೆ ಇಟ್ಟುಕೊಂಡ.

"ಪ್ರತಿಮೆ ಹತ್ರ ಕೂತು ಎಂತ ಯೋಚನೆ ಮಾಡ್ತೀಯ?"

"ಅಪ್ಪ ದಿನಾ ಹೇಳೂದೇ ಯೋಚನೆ ಮಾಡೂದು. ಅವರೂ ಇಲ್ಲಿಯವರೇ, ಕಾನ್‌ಸ್ಟೇಬಲ್ ಮಗ. ಅವರಿಗೆ ಆಯ್ತು, ನಿಂಗೆ ಯಾಕೆ ಆಗೂದಿಲ್ಲ? ನಿನ್ನ ವಯಸ್ಸಲ್ಲಿ ಅವರು ಎಲ್ಲಿದ್ರು, ನೀನೆಲ್ಲಿದ್ದೀ? ಅಂತ."

ಮೊದಲ ಎರಡು ಭೇಟಿಯಲ್ಲಿ ನಾನು ರಾಣೆಯವರ ಮಾತೇ ಎತ್ತಲಿಲ್ಲ. ನಾಲ್ಕೈದು ವರ್ಷ ಕಟ್ಟಿಕೊಂಡ ಆಸೆ ಹೋಗಿದೆ. ಮೊದಲು ಅದಕ್ಕೆ ಅಳಬೇಕು. ಅಳೋಕೂ ಬಿಡದೆ "ಬೇರೆ ಕೆಲಸ ಬೇಕಾದಷ್ಟಿದೆ ಬಿಡು" ಅಂದರೆ ಸಾವಿನ ಮನೆಗೆ ಹೋಗಿ ಊಟದ ಸುದ್ದಿ ಮಾತಾಡಿದ ಹಾಗೆ. ಅವನು ಅತ್ತ. ನಾನು ಸುಮ್ನೆ ಕೂತಿದ್ದೆ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಿದೆ. ಈ ಬಣ್ಣದ ತೊಂದರೆ ಹುಟ್ಟಿನಿಂದ ಬಂದದ್ದು. ಹನಿ ಹಾಕಿ, ವ್ಯಾಯಾಮ ಮಾಡಿ, ಛಲ ಹಿಡಿದು ಹೋಗುವಂಥದ್ದಲ್ಲ. "ಛಲ ಬಿಡಬೇಡ" ಅಂತ ಎಲ್ಲರೂ ಅವನಿಗೆ ಹೇಳಿದ್ದರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದರು. ಆದರೆ ಮೈಯಲ್ಲೇ ಇರುವ ಕೊರತೆಯ ಎದುರು ಆ ಮಾತು ಹಿಂಸೆ ಆಗುತ್ತದೆ, ಸೋತದ್ದು ತನ್ನ ಮನಸ್ಸಿನ ದೌರ್ಬಲ್ಯದಿಂದಲೇ ಅಂತ ಹುಡುಗ ನಂಬಿಬಿಡುತ್ತಾನೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಸೇನೆ, ನೌಕಾಪಡೆ, ರೈಲು ಚಾಲಕನ ಕೆಲಸ ಇಂಥವಕ್ಕೆ ತಯಾರಾಗುವ ಮಕ್ಕಳು ಹೈಸ್ಕೂಲಿನಲ್ಲೇ ಕಣ್ಣಿನ ಡಾಕ್ಟರ ಹತ್ತಿರ ಬಣ್ಣದ ಪರೀಕ್ಷೆ ಮಾಡಿಸಿಕೊಳ್ಳಿ. ಚುಕ್ಕಿ ಪುಸ್ತಕ ನೋಡೋಕೆ ಐದು ನಿಮಿಷ ಸಾಕು. ಅದನ್ನು ಮಾಡಿಸದೆ ಐದು ವರ್ಷ ಓಡಿದ ಹುಡುಗರು ಇವನೊಬ್ಬನೇ ಅಲ್ಲ.

ಎರಡನೇ ಭೇಟಿಯ ಕೊನೆಗೆ ಒಂದು ಕೆಲಸ ಕೊಟ್ಟೆ. "ರಾಣೆಯವರ ಬಗ್ಗೆ ಎಲ್ಲಿ ಸಿಗುತ್ತೋ ಓದು. ಅವರು ಧೈರ್ಯಶಾಲಿ, ಮಹಾನ್ ವ್ಯಕ್ತಿ, ಅದೆಲ್ಲ ಬರೀಬೇಡ. ಯಾವ ದಿನ, ಎಲ್ಲಿ, ಕೈಯಲ್ಲಿ ಏನು ಕೆಲಸ ಮಾಡಿದರು ಅಷ್ಟೇ ಬರಿ."

ಮೂರನೇ ಸಲ ಬಂದಾಗ ನೂರು ಪುಟದ ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ತುಂಬಿತ್ತು. ಅವನೇ ಓದಿದ. ಹುಟ್ಟಿದ್ದು 1918ರ ಜೂನ್ 26. ಅಪ್ಪನಿಗೆ ಮೇಲಿಂದ ಮೇಲೆ ವರ್ಗ, ಹಾಗಾಗಿ ಶಾಲೆ ಅಲ್ಲಿಷ್ಟು, ಇಲ್ಲಿಷ್ಟು. ಸೇನೆಗೆ ಸೇರಿದ್ದು 1940ರ ಜುಲೈ 10ಕ್ಕೆ, ಬಾಂಬೆ ಎಂಜಿನಿಯರ್ಸ್‌ನಲ್ಲಿ ಸಾಮಾನ್ಯ ಸಿಪಾಯಿಯಾಗಿ. ಬರ್ಮಾದಲ್ಲಿ ಯುದ್ಧ. ಅಧಿಕಾರಿಯಾಗಿದ್ದು 1947ರ ಡಿಸೆಂಬರಿನಲ್ಲಿ.

"ನಿಲ್ಲಿಸು" ಅಂದೆ. "1918ರಿಂದ 1940. ಎಷ್ಟಾಯ್ತು?"

ಬೆರಳು ಮಡಚಿ ಎಣಿಸಿದ. "ಇಪ್ಪತ್ತೆರಡು." ಆಮೇಲೆ ನನ್ನ ಮುಖ ನೋಡಿದ. ಅವನ ವಯಸ್ಸಿಗೆ ರಾಣೆಯವರು ಇನ್ನೂ ಸೇನೆಗೇ ಸೇರಿರಲಿಲ್ಲ! ಅಪ್ಪ ದಿನಾ ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಇಷ್ಟು ವರ್ಷ ಅಲ್ಲೇ ಇತ್ತು. ಯಾರೂ ಲೆಕ್ಕ ಹಾಕಿರಲಿಲ್ಲ.

ಆಮೇಲೆ 1948ರ ಏಪ್ರಿಲ್. ಜಮ್ಮು-ಕಾಶ್ಮೀರದಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿ. ನಮ್ಮ ಟ್ಯಾಂಕುಗಳು ಮುಂದೆ ಹೋಗಬೇಕು, ದಾರಿ ತುಂಬ ನೆಲಬಾಂಬ್. ಏಪ್ರಿಲ್ 8ರಂದು ಕೆಲಸ ಶುರು ಮಾಡುವಾಗಲೇ ಶತ್ರುಗಳ ಮಾರ್ಟರ್ ದಾಳಿ. ರಾಣೆಯವರ ತಂಡದಲ್ಲಿ ಇಬ್ಬರು ಸತ್ತರು, ಐವರಿಗೆ ಗಾಯ. ಆ ಐವರಲ್ಲಿ ರಾಣೆಯವರೂ ಒಬ್ಬರು. ಆದರೂ ಸಂಜೆ ಹೊತ್ತಿಗೆ ಅಷ್ಟು ದಾರಿ ತೆರವು ಮಾಡಿದರು. ಮುಂದೆ ಪೈನ್ ಮರಗಳನ್ನು ಉರುಳಿಸಿ ಮಾಡಿದ ತಡೆ, ಸುತ್ತ ಮತ್ತೆ ನೆಲಬಾಂಬ್, ಮೇಲಿಂದ ಮೆಷಿನ್ ಗನ್. ರಾಣೆಯವರು ಟ್ಯಾಂಕಿನ ಅಡಿಯಲ್ಲಿ ತೆವಳುತ್ತಾ, ಹಗ್ಗ ಎಳೆದು ಚಾಲಕನಿಗೆ ಸನ್ನೆ ಮಾಡುತ್ತಾ ಹೋದರು. 11ರಂದು ಚಿಂಗಸ್ ತನಕ ದಾರಿ ತೆರೆಯಿತು. 12ಕ್ಕೆ ರಜೌರಿ ನಮ್ಮ ಕೈಗೆ ಬಂತು.

ಓದಿ ಮುಗಿಸಿ ಪ್ರವೀಣ ಹೇಳಿದ: "ಮೇಡಂ, ನಾನು ಓದಿದ್ದರಲ್ಲಿ ಆ ನಾಲ್ಕು ದಿನ ಅವರು ಗುಂಡು ಹಾರಿಸಿದ್ದು ಎಲ್ಲೂ ಇಲ್ಲ. ಬರೀ ದಾರಿ ಬಿಡಿಸಿದ್ದು."

ಇದು ನಾನು ಹೇಳಿಕೊಟ್ಟದ್ದಲ್ಲ, ಅವನೇ ಕಂಡದ್ದು. ಪ್ರತಿಮೆಯನ್ನು ಕೆಳಗಿಂದ ಮೇಲೆ ನೋಡಿದಾಗ ಕಾಣೋದು ಒಬ್ಬ ದೊಡ್ಡ ಯೋಧ. ನೋಟ್‌ಬುಕ್ಕಿನಲ್ಲಿ ಕಂಡಿದ್ದು ಮಣ್ಣಿನಲ್ಲಿ ಹೊಟ್ಟೆ ಮೇಲೆ ಮಲಗಿ, ಕೈಗೆ ಎಟಕುವಷ್ಟು ನೆಲವನ್ನು ಸರಿ ಮಾಡುತ್ತಿದ್ದ ಮನುಷ್ಯ. ಇನ್ನೊಂದನ್ನೂ ಗಮನಿಸಿದ್ದ: "ಆ ಸತ್ತವರಿಬ್ಬರ ಹೆಸರು ನಂಗೆ ಎಲ್ಲೂ ಸಿಗ್ಲಿಲ್ಲ." ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ನನ್ನ ಸಲಹೆ ಅಲ್ಲಿಂದಲೇ ಹೊರಟಿತು. ರಜೌರಿ ತನಕದ ದಾರಿಯನ್ನು ಯಾರೂ ಒಂದೇ ದಿನ ತೆರೆಯಲಿಲ್ಲ, ರಾಣೆಯವರೂ ಒಬ್ಬರೇ ಇರಲಿಲ್ಲ. ನಿನ್ನ ಮುಂದೆ ಈಗ ಕೈಗೆ ಎಟಕುವಷ್ಟು ನೆಲ ಯಾವುದು? ಇಡೀ ಬದುಕಿನ ಪ್ರಶ್ನೆ ಕೇಳಿದಾಗ ಅವನ ಬಾಯಿ ಕಟ್ಟುತ್ತಿತ್ತು. ಇದಕ್ಕೆ ಉತ್ತರ ತಕ್ಷಣ ಬಂತು: "ಎರಡು ವಿಷಯ. ಪರೀಕ್ಷೆ ಫೀಸು ಕಟ್ಟೂದು." ಸರಿ, ಈ ವಾರ ಫೀಸು. ಪುಸ್ತಕ ಮುಂದಿನ ವಾರ. ಜೊತೆಗೆ ಓದೋಕೆ ಒಬ್ಬ ಗೆಳೆಯ ಬೇಕು, ಒಬ್ಬನೇ ಕೋಣೆ ಬಾಗಿಲು ಹಾಕಿಕೊಂಡು ಕೂರೋದು ಬೇಡ. ಬೆಳಿಗ್ಗೆ ಓಟ ಮತ್ತೆ ಶುರು ಮಾಡು, ಭರ್ತಿಗಾಗಿ ಅಲ್ಲ, ಮೈಗಾಗಿ. ರಾತ್ರಿ ಬೀಚಿಗೆ ಹೋಗೋದನ್ನು ನಿಲ್ಲಿಸು ಅಂತ ಹೇಳಲಿಲ್ಲ. ಹೇಳಿ ಹೋಗು, ಹತ್ತಕ್ಕೆ ಬಾ ಅಂದೆ.

ಅಪ್ಪನನ್ನು ಕರೆಸೋಕೆ ಮೂರು ವಾರ ಬೇಕಾಯ್ತು. ಬಂದವರು ಕುರ್ಚಿ ತುದಿಯಲ್ಲಿ ಕೂತರು. "ನಾ ಬೈದದ್ದಲ್ಲ ಮೇಡಂ. ಹುರುಪು ಬರ್ಲಿ ಅಂತ ಹೇಳೂದು."

ನಾನು ವಾದಕ್ಕೆ ಹೋಗಲಿಲ್ಲ. ಟ್ಯಾಂಕಿನ ಕತೆ ಹೇಳಿದೆ. "ನೀವು ಗಾಡಿ ಓಡಿಸೋರು. ಗಾಡಿ ಅಡಿಯಲ್ಲಿ ಒಬ್ಬ ಮನುಷ್ಯ ತೆವಳ್ತಾ ಇದ್ದಾನೆ, ನಿಮಗೆ ಕಾಣೂದಿಲ್ಲ. ಏನು ಮಾಡ್ತೀರಿ?"

"ಅವ ಹೇಳೂ ತನಕ ಎಕ್ಸಲೇಟರ್ ಮುಟ್ಟೂದಿಲ್ಲ" ಅಂದರು, ಯೋಚನೆಯೇ ಮಾಡದೆ. ಆಮೇಲೆ ಅವರೇ ಮುಂದುವರಿಸಿದರು: "ರಿವರ್ಸ್ ತಗೊಳ್ಳುವಾಗ ಕ್ಲೀನರ್ ಬಾಡಿ ಮೇಲೆ ತಟ್ಟೂದೇ ಲೆಕ್ಕ. ಒಂದು ತಟ್ಟಿದ್ರೆ ಹೋಲ್ಡಾನ್. ಎರಡು ತಟ್ಟಿದ್ರೆ ಬರಬಹುದು."

"ಮನೆಯಲ್ಲಿ ಈಗ ಅಡಿಯಲ್ಲಿರೋದು ಪ್ರವೀಣ" ಅಂದೆ.

ಅವರು ಕಿಟಕಿ ಕಡೆ ತಿರುಗಿದರು. ತುಂಬ ಹೊತ್ತಾದ ಮೇಲೆ, ಮಗನ ಕಡೆ ನೋಡದೆಯೇ ಹೇಳಿದರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಮನೆಯಲ್ಲಿ ಹೇಳದೆ ಬಸ್ ಹತ್ತಿ ಬೆಳಗಾವಿಗೆ ಭರ್ತಿಗೆ ಹೋಗಿದ್ದರಂತೆ. ಎದೆ ಅಳತೆ ಸಾಲಲಿಲ್ಲ. ಸೀಮೆಸುಣ್ಣದಲ್ಲಿ ತೋಳಿಗೆ ಗುರುತು ಹಾಕಿ ಹೊರಗೆ ಕಳಿಸಿದರು. ಆ ಗುರುತನ್ನು ಒರೆಸಿಕೊಳ್ಳದೆ ಊರ ತನಕ ಬಂದರು. ಇಪ್ಪತ್ತೈದು ವರ್ಷ ಯಾರ ಹತ್ತಿರವೂ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ.

"ನಂಗೆ ಹೇಳ್ಬಹುದಿತ್ತಲ್ಲ ಅಪ್ಪ" ಅಂದ ಪ್ರವೀಣ. ಅಷ್ಟೇ ಅಂದದ್ದು. ನಾನು ನೀರು ತರುವ ನೆಪದಲ್ಲಿ ಹೊರಗೆ ಹೋದೆ.

ಅಪ್ಪಂದಿರು, ಅಮ್ಮಂದಿರು ಇದನ್ನು ಓದುತ್ತಿದ್ದರೆ ಕೈಮುಗಿದು ಕೇಳುತ್ತೇನೆ. ದೊಡ್ಡವರ ಬದುಕನ್ನು ಮಕ್ಕಳಿಗೆ ಹೇಳಿ, ಖಂಡಿತ ಹೇಳಿ. ರಾಣೆಯವರಂಥವರ ಕತೆ ಗೊತ್ತಿಲ್ಲದೆ ಕಾರವಾರದ ಮಗು ಬೆಳೆಯಬಾರದು. ಆದರೆ ಅದನ್ನು ಅಳತೆಗೋಲು ಮಾಡಿ ಮಗುವಿನ ಪಕ್ಕ ನಿಲ್ಲಿಸಬೇಡಿ. ನಿಮ್ಮ ಸೋಲಿನ ಕತೆಯನ್ನೂ ಅದರ ಜೊತೆಗೆ ಹೇಳಿ. ಪ್ರವೀಣನಿಗೆ ಅಪ್ಪನ ತೋಳಿನ ಸೀಮೆಸುಣ್ಣ ಮಾಡಿದ ಕೆಲಸವನ್ನು ನನ್ನ ಆರು ಭೇಟಿಗಳು ಮಾಡಲಿಲ್ಲ. ಇದನ್ನು ನಾನು ಮನಸಾರೆ ಹೇಳುತ್ತಿದ್ದೇನೆ.

ಆವತ್ತು ಮನೆಗೆ ಒಂದು ನಿಯಮ ಗೊತ್ತು ಮಾಡಿಕೊಂಡು ಹೋದರು. ಊಟದ ಹೊತ್ತಿಗೆ ಮುಂದಿನ ಕೆಲಸದ ಮಾತು ಬಂದಾಗ ಪ್ರವೀಣ ಮೇಜಿಗೆ ಒಂದು ತಟ್ಟಿದರೆ ಮಾತು ಅಲ್ಲಿಗೇ ನಿಲ್ಲಬೇಕು. ಎರಡು ತಟ್ಟಿದರೆ ಮುಂದುವರಿಸಬಹುದು. ಮೊದಲ ವಾರ ಪೂರ್ತಿ ಬರೀ ಒಂದೇ ತಟ್ಟು. ಅಪ್ಪ ಒಂದು ರಾತ್ರಿ ಸಿಟ್ಟಾಗಿ ತಟ್ಟೆ ಬಿಟ್ಟು ಎದ್ದರಂತೆ. ಆಮೇಲೆ ವಾಪಸ್ ಬಂದು ಕೂತರಂತೆ.

ಆಯಿಗೂ ಒಂದು ಭಾರ ಇತ್ತು. ಈ ತೊಂದರೆ ಗಂಡುಮಕ್ಕಳಿಗೆ ಸಾಮಾನ್ಯವಾಗಿ ತಾಯಿಯ ಕಡೆಯಿಂದಲೇ ಬರುತ್ತದೆ, ತಾಯಿಗೆ ಬಣ್ಣ ಸರಿಯಾಗಿಯೇ ಕಾಣುತ್ತಿರುತ್ತದೆ. ಅದನ್ನು ಯಾರೋ ಹೇಳಿಬಿಟ್ಟಿದ್ದರು. "ನನ್ನಿಂದ ಬಂತಲ್ಲ ಮೇಡಂ" ಅಂತ ಅತ್ತರು. ಮೂಗು, ಗುಂಗುರು ಕೂದಲು ಬಂದ ಹಾಗೆಯೇ ಇದೂ ಬಂದದ್ದು, ಇದರಲ್ಲಿ ನೀವು ಮಾಡಿದ ತಪ್ಪು ಏನೂ ಇಲ್ಲ ಅಂತ ಹೇಳಿದೆ. ಆಗ ಅವರಿಗೆ ಹಳೆಯದೊಂದು ನೆನಪಾಯ್ತು. ಸಣ್ಣವನಿದ್ದಾಗ ಕೆಂಪಗಿನ ಮುರುಗಲು (ಕೋಕಂ) ಹಣ್ಣು ಕೊಯ್ಯೋಕೆ ಕಳಿಸಿದರೆ ಬುಟ್ಟಿ ತುಂಬ ಕಾಯಿ ತರುತ್ತಿದ್ದ. "ಕಣ್ಣು ಎಲ್ಲಿಟ್ಕೊಂಡು ಕೊಯ್ತೀಯ ಅಂತ ಬೆನ್ನಿಗೆ ಹೊಡೆದಿದ್ದೆ."

ಕೊನೆಯ ಭೇಟಿ ಮೇ ತಿಂಗಳಲ್ಲಿ. ಒಂದು ವಿಷಯದ ಪರೀಕ್ಷೆ ಚೆನ್ನಾಗಿ ಆಗಿತ್ತು, ಇನ್ನೊಂದು ಅಷ್ಟಕ್ಕಷ್ಟೆ. ಬೆಳಿಗ್ಗೆ ಬೀಚಿನಲ್ಲಿ ಓಡುವಾಗ ಭರ್ತಿಗೆ ತಯಾರಾಗುವ ನಾಲ್ಕು ಹುಡುಗರು ಇವನ ಜೊತೆ ಸೇರಿಕೊಂಡಿದ್ದರು. ಅವರನ್ನು ಮೊದಲು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದನಂತೆ. ಮುಂದೆ ಎಂತ ಮಾಡೋದು ಅನ್ನೋದು ಇನ್ನೂ ಗೊತ್ತಾಗಿರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಹೋಗುವಾಗ ಒಂದು ಪ್ಲಾಸ್ಟಿಕ್ ಚೀಲ ನನ್ನ ಮೇಜಿನ ಮೇಲೆ ಇಟ್ಟ. ಒಳಗೆ ಮುರುಗಲು ಹಣ್ಣು.

"ನಾನೇ ಕೊಯ್ದದ್ದು. ಈಗ ಬಣ್ಣ ನೋಡೂದಿಲ್ಲ ಮೇಡಂ, ಒತ್ತಿ ನೋಡ್ತೇನೆ. ಮೆತ್ತಗಿದ್ರೆ ಹಣ್ಣು."

ಸುರಿದು ನೋಡಿದೆ. ಎರಡೇ ಎರಡು ಕಾಯಿ ಇದ್ದವು.