ಸೇಡಿನ ಸಿನಿಮಾ, ಚರ್ಚೆಯಲ್ಲಿ ಜಗಳ

ನಿರಪರಾಧಿಗೆ ಶಿಕ್ಷೆಯಾಗಿ ಅವನು ಸೇಡು ತೀರಿಸುವ ಸಿನಿಮಾ ತೋರಿಸಿದ ಮೇಲೆ ಬದಿಯಡ್ಕದ ನಿಮ್ಮ ವಾಚನಾಲಯದಲ್ಲಿ ಜಗಳ ಎದ್ದದ್ದು, ‘ಸಿನಿಮಾ ಹೇಗಿದೆ’, ‘ಸೇಡು ಸರಿಯಾ’ ಎರಡೂ ಕಲಸಿಹೋದದ್ದರಿಂದ ಇರಬೇಕು. ಕುಂಬಳೆಯಲ್ಲಿ ನಮಗೂ ಹೀಗೇ ಆಗಿತ್ತು.

ಮುಂದಿನ ವಾರ ಮೊದಲು ಚೀಟಿ ಹಂಚಿ: ‘ನಾಯಕನ ಮೇಲಿನ ಕನಿಕರ ಯಾವ ದೃಶ್ಯದಲ್ಲಿ ಕಡಿಮೆಯಾಯಿತು?’ ನಮ್ಮಲ್ಲಿ ಹೆಚ್ಚಿನವರು ಬರೆದದ್ದು ಮೊದಲ ಕೊಲೆಯನ್ನಲ್ಲ, ಸುಳ್ಳು ಸಾಕ್ಷಿ ಹೇಳಿದವನ ಮಗಳು ಬಾಗಿಲು ತೆರೆದು ನಿಂತ ಕ್ಷಣವನ್ನು. ಆಮೇಲೆ ಕೋರ್ಟಿನ ದೃಶ್ಯವನ್ನಷ್ಟೇ ಮತ್ತೊಮ್ಮೆ ಹಾಕಿ. ಸೇಡಿನ ಮಾತು ಕೊನೆಗೆ.

‘ಕಾನೂನಿನಲ್ಲಿ ದಾರಿಯೇ ಇಲ್ಲ’ ಎಂದವರಿಗೆ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರ ಪ್ರಕರಣ ಹೇಳಿ: ಬೇಹುಗಾರಿಕೆಯ ಸುಳ್ಳು ಆರೋಪದಲ್ಲಿ 1994ರಲ್ಲಿ ಬಂಧನ, 2018ರಲ್ಲಿ ಸುಪ್ರೀಂ ಕೋರ್ಟಿನಿಂದ 50 ಲಕ್ಷ ರೂಪಾಯಿ ಪರಿಹಾರ. ಶಿಕ್ಷೆಯೇ ಆಗದವರಿಗೂ 24 ವರ್ಷ ಹಿಡಿಯಿತು, ಅದನ್ನೂ ಮುಚ್ಚಿಡಬೇಡಿ.

ಹಿರಿಯರು ಚೀಟಿಗೆ ಒಪ್ಪುತ್ತಾರೋ ಹೇಳಲಾರೆ. ಒಪ್ಪದಿದ್ದರೆ ಬಾಯಲ್ಲೇ ಕೇಳಿ, ಚಿಕ್ಕವರಿಂದ ಶುರುಮಾಡಿ.